ಏಳೂ ಹತ್ತರ ಗಡಿಯಾರ

ಹೂಂರಾಯರ ಮನೆಯ ಗೋಡೆ ಗಡಿಯಾರ ಅಂದು ಬೆಳಿಗ್ಗೆ ಏಳೂ ಹತ್ತಕ್ಕೆ ಪ್ರಾಣ ಬಿಟ್ಟಿತು. ಬೇರೆ ಗಡಿಯಾರವಾಗಿದ್ದರೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಮಾವ ಮದುವೆಗೆ ಕೊಟ್ಟದ್ದು. ಮಾವ ಬಂದಾಗಲೆಲ್ಲ ಮೊದಲು ಗಡಿಯಾರದ ಕ್ಷೇಮ ನೋಡಿ, ಆಮೇಲೆ ಮಗಳದ್ದು ವಿಚಾರಿಸುತ್ತಿದ್ದರು. ಅಳಿಯನ ಸರದಿ ಬರುವಷ್ಟರಲ್ಲಿ ಕಾಫಿ ಬಂದುಬಿಡುತ್ತಿತ್ತು.

"ಅಪ್ಪ ಸಂಜೆ ಬರ್ತಾರೆ," ಎಂದಳು ಹೆಂಡತಿ. "ಕೈಗಡಿಯಾರ ರಿಪೇರಿಗೆ ಕೊಟ್ಟು, ಇಲ್ಲಿಗೆ ಬಂದು, ಎಂಟರ ಬಸ್ಸಿಗೆ ಹೋಗ್ತಾರಂತೆ. ಅದೇ ಕೊನೇ ಬಸ್ಸು. ಅಷ್ಟರೊಳಗೆ ಹೊಸ ಸೆಲ್ಲು ಹಾಕಿಬಿಡಿ. ಹೋದ ಸಲ ಗಡಿಯಾರ ನಿಂತಿತ್ತು ಅಂತ ಒಂದು ವಾರ ಉಳ್ಕೊಂಡು ನಿಮಗೆ ಶಿಸ್ತು ಕಲಿಸಿದ್ರು, ನೆನಪಿದೆಯಲ್ಲ?"

"ಹೂಂ," ಎಂದರು ರಾಯರು. ಯಾರು ಏನೇ ಹೇಳಲಿ ಹೂಂ ಅನ್ನುವುದರಿಂದಲೇ ಬೀದಿಯವರು ಅವರಿಗೆ ಆ ಹೆಸರಿಟ್ಟದ್ದು. ಆ ವಾರವನ್ನು ಅವರು ಮರೆಯುವುದುಂಟೆ? ಮನೆಯ ಚಪ್ಪಲಿಗಳು ಕೂಡ ಸಾಲಾಗಿ ನಿಂತಿದ್ದವು.

ಸಂಜೆ ಹಳೆಯ ಸೆಲ್ಲು ಹಿಡಿದು ಅಂಗಡಿಗೆ ಹೋಗಿ, ಅದೇ ಅಳತೆಯ ಹೊಸದೊಂದನ್ನು ಕೊಂಡು ಜೇಬಿಗಿಳಿಸಿದರು. ಹಳೆಯದನ್ನು ಪಕ್ಕದ ಕಸದ ಗುಡ್ಡೆಗೆ ಎಸೆಯಲು ಕೈಯೆತ್ತಿದ್ದೇ ತಡ, ಬೆನ್ನ ಹಿಂದೆ ಗುಡುಗು.

"ಹೂಂರಾಯ್ರೇ, ಕೈ ಕೆಳಗಿಳಿಸಿ."

ನಿವೃತ್ತ ವಿಜ್ಞಾನದ ಮೇಡಂ. ಪಾಠ ನಿಲ್ಲಿಸಿ ವರ್ಷಗಳಾದರೂ ಇಡೀ ಬೀದಿ ಅವರಿಗೆ ಕೊನೆಯ ಬೆಂಚು.

"ಅದು ಮಣ್ಣಲ್ಲಿ ತುಕ್ಕು ಹಿಡಿದು ಒಡೆಯುತ್ತೆ. ಒಳಗಿರೋ ವಿಷವೆಲ್ಲ ಬಾವಿ ನೀರಿಗೆ ಇಳಿಯುತ್ತೆ. ಮರುಬಳಕೆಗೆ ಕೊಟ್ಟರೆ ಸತು, ಉಕ್ಕು ಎಲ್ಲ ವಾಪಸ್ ಸಿಗುತ್ತೆ, ಗಣಿ ಅಗೆಯೋದೂ ಅಷ್ಟು ಕಡಿಮೆಯಾಗುತ್ತೆ. ಗ್ರಂಥಾಲಯದಲ್ಲಿ ಡಬ್ಬಿ ಇಟ್ಟಿದೀನಿ. ಬನ್ನಿ."

"ಹೂಂ."

ಹಳೆಯ ಸೆಲ್ಲೂ ಜೇಬು ಸೇರಿತು. ದಾರಿಯಲ್ಲಿ ದರ್ಜಿ ತಡೆದ. "ಅತ್ಲಾಗೇ ಹೋಗ್ತಿದೀರಲ್ಲ, ನಂದೂ ಹಾಕಿಬಿಡಿ," ಎಂದು ಸತ್ತ ಟಾರ್ಚಿನ ಸೆಲ್ಲುಗಳನ್ನು ಅವರ ಕೈಗೆ ಸುರಿದ. ಮೂಲೆಮನೆಯ ಅಜ್ಜಿ ರೇಡಿಯೋ ಕಾಲದಿಂದ ಕೂಡಿಟ್ಟಿದ್ದ ಚೀಲವನ್ನೇ ಕೊಟ್ಟರು. ಎಲ್ಲರಿಗೂ ಹೂಂ ಎನ್ನುತ್ತಾ ಗ್ರಂಥಾಲಯ ಮುಟ್ಟುವಾಗ ರಾಯರು ಸಂತೆಯಿಂದ ಬಂದ ಕತ್ತೆಯಂತಾಗಿದ್ದರು.

ಡಬ್ಬಿಗೆ ಬೀಗ. ಮೇಲೆ ಸೀಳು. ಆದರೆ ಸುಮ್ಮನೆ ಹಾಕುವ ಹಾಗಿಲ್ಲ. "ತುದಿಗೆ ತುದಿ ತಾಗಿದರೆ ಬೆಂಕಿ ಹತ್ತಬಹುದು. ಪ್ರತಿಯೊಂದರ ತುದಿಗೂ ಟೇಪು ಸುತ್ತಬೇಕು," ಎಂದರು ಮೇಡಂ. "ಜೇಬಲ್ಲಿ ಇರೋದನ್ನೂ ತೆಗೀರಿ."

ರಾಯರು ಹೂಂ ಅಂದು ಜೇಬನ್ನು ಮೇಜಿನ ಮೇಲೆ ಕೊಡವಿದರು. ರಾಯರು ಟೇಪು ಕತ್ತರಿಸಿದರು, ಮೇಡಂ ಸುತ್ತಿ ಸುತ್ತಿ ಡಬ್ಬಿಗಿಳಿಸಿದರು. "ಇವತ್ತು ಭೂಮಿತಾಯಿ ನಿಮ್ಮನ್ನ ಹರಸ್ತಾಳೆ," ಎಂದು ಬೆನ್ನು ತಟ್ಟಿ ಕಳಿಸಿದರು. ರಾಯರಿಗೆ ನಿಜಕ್ಕೂ ಹೆಮ್ಮೆಯಾಯಿತು.

ಆ ಹೆಮ್ಮೆ ಮನೆಯವರೆಗೆ ಬಾಳಿತು. ಗಡಿಯಾರ ಇಳಿಸಿ ಜೇಬಿಗೆ ಕೈಹಾಕಿದರೆ ಬಸ್ ಟಿಕೆಟ್ಟಿನ ಚೂರು ಬಿಟ್ಟು ಇನ್ನೇನಿಲ್ಲ. ಹೊಸ ಸೆಲ್ಲೂ ಟೇಪು ಸುತ್ತಿಸಿಕೊಂಡು ಭೂಮಿತಾಯಿಯ ಸೇವೆಗೆ ಹೋಗಿತ್ತು. ರಿಮೋಟಿನ ಸೆಲ್ಲು ತೆಗೆದು ನೋಡಿದರು, ಅದು ಕಡ್ಡಿಯಷ್ಟು ಸಣ್ಣದು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಗಡಿಯಾರವನ್ನು ಹಾಗೇ ಮೊಳೆಗೆ ಸಿಕ್ಕಿಸಿದರು.

ಮಾವ ಒಳಬಂದು ಗೋಡೆ ನೋಡಿದರು. "ಏಳೂ ಹತ್ತು. ರಿಪೇರಿ ಅಂಗಡೀಲಿ ಈಗಷ್ಟೇ ಏಳಾಗಿತ್ತು. ಪರವಾಗಿಲ್ಲ ಕಣಪ್ಪ, ಸುಧಾರಿಸಿದೀಯ."

ಮದುವೆಯಾದ ಮೇಲೆ ಮಾವನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ರಾಯರ ಕಣ್ಣು ಒದ್ದೆಯಾಯಿತು. ಕೂಡಲೇ ಮಾವನನ್ನು ಗಡಿಯಾರಕ್ಕೆ ಬೆನ್ನು ಮಾಡಿ ಕೂರಿಸಿದರು. ಕಾಫಿಯಾಯಿತು, ಮಾವನ ಮೊಣಕಾಲು ನೋವಿನ ಕತೆಯಾಯಿತು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬಸ್ಸು, ಬಸ್ಸು ಎಂದಳು.

"ಮಾವ, ಹೊರಡೋ ಹೊತ್ತಾಯ್ತೇನೋ," ಎಂದರು ರಾಯರು.

"ಹೌದಾ? ನೋಡೋಣ," ಎಂದು ಮಾವ ಕತ್ತು ತಿರುಗಿಸತೊಡಗಿದರು.

"ಕೂತಿರಿ, ಕೂತಿರಿ, ಇನ್ನೂ ಟೈಮಿದೆ. ಮೊಣಕಾಲಿಗೆ ಡಾಕ್ಟ್ರು ಏನಂದ್ರು?"

ಡಾಕ್ಟರು ಅಂದದ್ದು ಬಹಳವಿತ್ತು. ಅದು ಮುಗಿಯುವ ಮೊದಲೇ ಕೊನೆಯ ಬಸ್ಸು ಬೀದಿಯ ತುದಿಯಲ್ಲಿ ಹಾರ್ನ್ ಹೊಡೆದು ಹೊರಟುಹೋಯಿತು.

ಮಾವ ತಿರುಗಿ ನೋಡಿದರು. ಏಳೂ ಹತ್ತು. ಎದ್ದು ಹೋಗಿ ಗಡಿಯಾರ ಇಳಿಸಿ ಬೆನ್ನು ನೋಡಿದರು. ಖಾಲಿ ಗೂಡು.

"ಸೆಲ್ಲೆಲ್ಲಿ?"

"ಮರುಬಳಕೆಗೆ ಕೊಟ್ಟೆ, ಮಾವ."

"ಹಳೇದು ಸರಿ. ಹೊಸದು?"

"ಅದನ್ನೂ."

ಮಾವ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ ಬಂದು ಕೂತರು. "ಒಂದು ವಾರದ ಶಿಸ್ತು ನಿನಗೆ ಸಾಲಲಿಲ್ಲ. ಈ ಸಲ ಒಂದು ತಿಂಗಳು ಇದ್ದು ಹೋಗ್ತೀನಿ. ಆಗಬಹುದಾ?"

ಬದುಕಿನಲ್ಲಿ ಮೊದಲ ಸಲ ರಾಯರು ಬೇಡ ಎನ್ನಲು ಬಾಯಿ ತೆರೆದರು.

"ಹೂಂ," ಎಂದಿತು ಬಾಯಿ.