ನಮ್ಮ ಮಾಮಾನ ಪಿ.ಪಿ. ನಂಬರು

ನನ್ನ ಸೋದರಮಾವನಿಗೆ ಫೋನಿನಲ್ಲಿ ಮಾತಾಡಲು ಫೋನೇ ಬೇಕಾಗಿರಲಿಲ್ಲ! ಪುಣೆಯ ಪೇಠೆಯಲ್ಲಿ, ಹತ್ತಾರು ಬಿಡಾರಗಳಿದ್ದ ಹಳೆಯ ವಾಡೆಯಲ್ಲಿ ನಿಂತು ಅವರು 'ಹಲೋ' ಅಂದರೆ ಅದು ತಂತಿಯ ಹಂಗಿಲ್ಲದೆ ಸೊಲ್ಲಾಪುರ ದಾಟುತ್ತಿತ್ತು. ಊರು ದೂರವಾದಷ್ಟೂ ದನಿ ಏರಬೇಕೆಂಬುದು ಅವರ ಶಾಸ್ತ್ರ. ಊರೊಳಗಿನ ಸ್ವಾರಗೇಟಿಗೆ ಮೆಲ್ಲಗೆ, ಊರಾಚೆಯ ಚಾಕಣಕ್ಕೆ ಸ್ವಲ್ಪ ಜೋರು, ವಿಜಾಪುರಕ್ಕೆ ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು! ಬರಿಮೈಯಲ್ಲಿ ಬೀಗರ ಜೊತೆ ಮಾತಾಡಿದರೆ ಅವರು ಏನಂದುಕೊಂಡಾರು?

ಇದು ತೊಂಬತ್ತರ ದಶಕದ ಮಾತು. ನಾನು ಕಾಲೇಜು ಕಲಿಯಲು ಬಂದು ಮಾಮಾನ ಮನೆಯಲ್ಲಿದ್ದೆ. ಅವರು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ವರ್ಷಗಟ್ಟಲೆ ಕಾದ ಮೇಲೆ ಇಡೀ ವಾಡೆಯಲ್ಲಿ ಅವರೊಬ್ಬರಿಗೇ ಫೋನು ಸಿಕ್ಕಿತ್ತು. ಮಾಮಿ ಅದಕ್ಕೆ ಹೂವಿನ ಹೊದಿಕೆ ಹೆಣೆದರು, ಮಾಮಾ ಡಯಲಿಗೆ ಪುಟ್ಟ ಬೀಗ ಹಾಕಿದರು, ದಸರೆಯಲ್ಲಿ ಕುಂಕುಮವೂ ಬಿತ್ತು. ಅಲ್ಲಿಂದ ವಾಡೆಯವರೆಲ್ಲ ತಮ್ಮ ಲಗ್ನಪತ್ರಿಕೆಗಳಲ್ಲಿ ಮಾಮಾನ ನಂಬರು ಅಚ್ಚು ಹಾಕಿಸಿ, ಮುಂದೆ 'ಪಿ.ಪಿ.' ಎಂದು ಬರೆಸತೊಡಗಿದರು. ಅಂದರೆ ಈ ನಂಬರಿಗೆ ಮಾಡಿ, ಪಕ್ಕದ ಮನೆಯವರನ್ನು ಕರೆಯುತ್ತಾರೆ ಎಂದರ್ಥ.

ಕರೆಯುತ್ತಾರೆಯೇ? ಅಷ್ಟು ಸುಲಭವೇ! ಮೇಲಿನ ಮನೆಯ ಕಮಲಾಬಾಯಿಗೆ ಬಾಗಲಕೋಟೆಯ ತವರಿನಿಂದ ಫೋನು ಬಂತೆನ್ನಿ.

"ಯಾರ್ರೀ? ಬಾಗಲಕೋಟಿಯವ್ರಾ? ಮಳಿ ಹ್ಯಾಂಗದ? ಜ್ವಾಳ ಹ್ಯಾಂಗ ಬಂದಾವ?"

"ಅಣ್ಣಾರ, ಇಲ್ಲಿ ಎಸ್‌ಟಿಡಿ ಮೀಟರ್ ಓಡಾಕತ್ತೇತ್ರೀ! ಕಮಲಕ್ಕನ್ನ ಕರೀರಿ!"

"ಕರೀತೀನಿ, ಗಡಿಬಿಡಿ ಯಾಕ? ಮದಲ ವಿಷಯ ಏನು, ಅದನ್ನ ಹೇಳ್ರಿ."

ತಪ್ಪಿ ಬಂದ ಫೋನಿಗೂ ಬಿಡುಗಡೆಯಿರಲಿಲ್ಲ. "ರಾಂಗ್ ನಂಬರ್ ಆಹೇ, ಪಣ್ ತುಮ್ಹೀ ಕೋಣ್?" ಎಂದು ಮರಾಠಿಯಲ್ಲಿ ವಿಚಾರಣೆ ಶುರುವಾಗುತ್ತಿತ್ತು. ರಾಂಗ್ ನಂಬರು ಹೌದು, ಆದರೆ ತಾವು ಯಾರು? ಹೀಗೆ ಪರಿಚಯವಾದವರೊಬ್ಬರು ದೀಪಾವಳಿಗೆ ಚಕ್ಕುಲಿ ತಂದುಕೊಟ್ಟು ಹೋದದ್ದೂ ಉಂಟು!

ಸುದ್ದಿಯನ್ನು ಹಸಿಹಸಿಯಾಗಿ ಕೊಡಬಾರದು ಎಂಬುದು ಮಾಮಾನ ಇನ್ನೊಂದು ಶಾಸ್ತ್ರ. ಸಂಬಂಧಪಟ್ಟವರನ್ನು ಕೂಡಿಸಬೇಕು, ನೀರು ಕೊಡಬೇಕು, ಫ್ಯಾನು ಹಾಕಬೇಕು, ಆಮೇಲೆ ಬಾಯಿ ಬಿಡಬೇಕು. ಒಳ್ಳೆಯ ಸುದ್ದಿಗೂ ಇದೇ ವಿಧಿ ಎಂಬುದೇ ಫಜೀತಿ! ಎದುರುಮನೆಯ ಮಾಸ್ತರರ ಮಗಳನ್ನು ನೋಡಿಹೋಗಿದ್ದ ವರನ ಕಡೆಯಿಂದ ಒಮ್ಮೆ ಫೋನು ಬಂತು. ಮಾಮಾ ಮುಖ ಗಂಭೀರ ಮಾಡಿಕೊಂಡು ಹೋಗಿ ಮಾಸ್ತರರ ಹೆಗಲ ಮೇಲೆ ಕೈಯಿಟ್ಟರು.

"ಮಾಸ್ತರ, ಕೂಡ್ರಿ. ನೀರು ಕುಡೀರಿ. ಧೈರ್ಯ ತಗೋರಿ."

ಮಾಸ್ತರರು ಕೂಡಲಿಲ್ಲ, ಉದ್ದಕ್ಕೆ ಮಲಗಿಯೇಬಿಟ್ಟರು! ಅವರ ಹೆಂಡತಿ ಓಡಿಬಂದು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಮಾಸ್ತರರು ಕಣ್ಣು ಬಿಟ್ಟ ಮೇಲೆ ಮಾಮಾ ಸಾವಕಾಶವಾಗಿ ಹೇಳಿದರು, "ಹುಡುಗ ಒಪ್ಯಾನ್ರಿ."

ಎರಡು ಸಾವಿರದ ಇಸವಿ ದಾಟಿದ್ದೇ ತಡ, ವಾಡೆಯ ಸೊಂಟಸೊಂಟಕ್ಕೂ ಮೊಬೈಲು ಬಂತು. ಈಗ ಸಿಟಿ ಬಸ್ಸಿನಲ್ಲಿ ಕೂತು ತಮ್ಮ ಮೂಲವ್ಯಾಧಿಯ ವರದಿಯನ್ನು ಊರಿಗೇ ಒಪ್ಪಿಸುವ ಮಹನೀಯರಿದ್ದಾರಲ್ಲ, ಮಾಮಾನ ಕೂಗನ್ನು ಆಡಿಕೊಂಡವರೂ ಇವರೇ! ಮಾಮಾನ ಮನೆಗೆ ಮಾತ್ರ ಯಾರೂ ಬರದಾದರು. ದಿನಾ ಬೆಳಿಗ್ಗೆ ಅವರು ರಿಸೀವರ್ ಎತ್ತಿ, ಗುಂಯ್ ಎನ್ನುವುದನ್ನು ಕೇಳಿ, "ಜೀವಂತ ಅದ" ಎಂದು ತಿರುಗಿ ಇಡುತ್ತಿದ್ದರಂತೆ. ನೋಡಲಾರದೆ ಮಾಮಿ ಅವರಿಗೂ ಒಂದು ಮೊಬೈಲು ಕೊಡಿಸಿದರು.

ನಾನಾಗ ಕೊಲ್ಹಾಪುರದಲ್ಲಿ ನೌಕರಿಯಲ್ಲಿದ್ದೆ. ರಜೆಗೆ ಬಂದವನು ಸ್ವಾರಗೇಟಿನಲ್ಲಿ ಬಸ್ಸಿಳಿದು ಆ ಮೊಬೈಲಿಗೆ ಎಷ್ಟು ಸಲ ಮಾಡಿದರೂ ಎತ್ತುವವರಿಲ್ಲ. ನೋಡಿದರೆ ಮಾಮಾ ಅಲ್ಲೇ, ನನ್ನನ್ನು ಕರೆದೊಯ್ಯಲು ಬಂದು ಜನರ ನಡುವೆ ಕತ್ತು ಉದ್ದ ಮಾಡಿ ನಿಂತಿದ್ದಾರೆ!

"ಮಾಮಾ, ಮೊಬೈಲ್ ಯಾಕ ತಂದಿಲ್ಲ?"

"ಹುಚ್ಚಪ್ಪಾ, ಫೋನ್ ಹೊರಗ ತಗೊಂಡು ಬಂದ್ರ, ಮನಿಗೆ ಫೋನ್ ಬಂದಾಗ ಏನ್ ಮಾಡೋದು?"

ಅದನ್ನು ಹಳೆಯ ಫೋನಿನ ಪಕ್ಕದಲ್ಲಿಟ್ಟು, ಮಾಮಿ ಗುಡಿಗೆ ಹೋಗಿದ್ದರಿಂದ ಮನೆಗೆ ಬೀಗ ಜಡಿದು ಬಂದಿದ್ದರು!

ಮರುದಿನ ಮಧ್ಯಾಹ್ನ ಕಮಲಾಬಾಯಿ ಮೆಟ್ಟಿಲಿಳಿದು ಬಂದರು. ಅವರ ಮಗಳನ್ನು ಬಾಗಲಕೋಟೆಗೇ ಕೊಟ್ಟಿತ್ತು. ಹೆರಿಗೆಗೆ ಪುಣೆಗೆ ಕರೆತರುವ ಮೊದಲೇ, ದಿನ ತುಂಬದೆ ನೋವು ಶುರುವಾಗಿ ಆಪರೇಷನ್ನಿಗೆ ಒಳಗೆ ಒಯ್ದಿದ್ದರಂತೆ.

"ಅಣ್ಣಾರ, ಅಳಿಯಗ ನಿಮ್ಮ ನಂಬರಿಗೇ ಫೋನ್ ಮಾಡಂತ ಹೇಳೀನಿ."

ಮಾಮಾ ಕಮಲಾಬಾಯಿಯ ಸೊಂಟದಲ್ಲಿದ್ದ ಮೊಬೈಲು ನೋಡಿದರು. "ನಿಮ್ಮ ಹತ್ರ ಅದ ಅಲ್ರೀ?"

"ಅದರಾಗ ಕೇಳಾಕ ನನಗ ಧೈರ್ಯ ಇಲ್ರೀ. ನೀವು ಕೇಳ್ರಿ. ಏನಿದ್ರೂ ನಿಮ್ಮ ಬಾಯಿಂದ ಬಂದ್ರ ತಡ್ಕೋತೀನಿ."

ಮಾಮಾ ಕುರ್ಚಿ ಎಳೆದುಕೊಂಡು ಹಳೆಯ ಫೋನಿನ ಮುಂದೆ ಕೂತರು. ಕಮಲಾಬಾಯಿ ಹೊರಗೆ ಮೆಟ್ಟಿಲ ಮೇಲೆ ಗೋಡೆಗೊರಗಿ, ಕಣ್ಣು ಮುಚ್ಚಿ ಕೂತರು. ಮಾಮಿ ಕೊಟ್ಟ ಚಹಾ ಇಬ್ಬರ ಮುಂದೆಯೂ ಆರಿತು. ನನಗೂ ಹೆದರಿಕೆ ಹತ್ತಿಕೊಂಡಿತು.

ಕೊನೆಗೂ ಫೋನು ಹೊಡೆದುಕೊಂಡಿತು. ಮಾಮಾ ಎತ್ತಿದರು. ಒಂದೂ ಪ್ರಶ್ನೆ ಕೇಳಲಿಲ್ಲ. ಬರೇ "ಹ್ಞೂಂ, ಹ್ಞೂಂ" ಎಂದು ಇಟ್ಟವರೇ, ಕಾಲಿಗೆ ತೊಡರುವ ಧೋತರ ಹಿಡಿದುಕೊಂಡು ಓಡಿದರು. "ಕಮಲಾಬಾಯೀ, ತಾಯಿ ಕೂಸು ಇಬ್ರೂ ಅರಾಮ ಅದಾರ್ರೀ!" ಎಂದವರು ಅವರ ಪಕ್ಕದ ಮೆಟ್ಟಿಲ ಮೇಲೆಯೇ ಕುಸಿದು, ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟರು. ಈ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಉಕ್ಕಿ ಬಂದಿರಲಿಲ್ಲ.

ಅಷ್ಟರಲ್ಲಿ ಕಮಲಾಬಾಯಿಯ ಸೊಂಟದಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ಅವರು ಅದನ್ನು ಮುಟ್ಟಲೂ ಇಲ್ಲ.

"ಅಣ್ಣಾರ," ಅಂದರು, "ಇನ್ನೊಮ್ಮೆ ಹೇಳ್ರಿ."