ಹಿತ್ತಲ ಮಾವಿಗೆ ನಾನು ಬರೆದ ಕಾಯ್ದೆ

ನನಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಎಲೆಯಡಿಕೆಯ ಕವಳ ಕೂಡ ಮದುವೆಮನೆಯಲ್ಲಿ ಮಾತ್ರ. ಇರುವುದು ಒಂದೇ ಚಟ: ಕಾಯ್ದೆ ಬರೆಯುವುದು. ಹತ್ತಿದ್ದು ಕಾರವಾರದ ಕಚೇರಿಯೊಂದರಲ್ಲಿ. ಅಂಕೋಲೆಯಿಂದ ದಿನಾ ಬೆಳಗಿನ ಬಸ್ಸು ಹಿಡಿದು ಹೋಗಿ, ಇಪ್ಪತ್ತೆಂಟು ವರ್ಷ ನಿಯಮಗಳ ಕರಡು ತಿದ್ದಿದವನು ನಾನು. ಕಾಯ್ದೆಗೂ ಒಂದು ಮೈಕಟ್ಟು ಇರುತ್ತದೆ. ಮೊದಲು ಹೆಸರು, ಆಮೇಲೆ ಉದ್ದೇಶ, ಯಾವ ಪದಕ್ಕೆ ಏನರ್ಥ ಎನ್ನುವ ಪರಿಭಾಷೆ, ನಂತರ ಕಲಮುಗಳು, ಅವುಗಳ ಬಾಲಕ್ಕೆ ‘ಪರಂತು’ ಎಂದು ಶುರುವಾಗುವ ವಿನಾಯಿತಿ, ಶಿಕ್ಷೆ, ಕಡೆಗೆ ತಿದ್ದುಪಡಿಯ ದಾರಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗಕ್ಕೆ ಜಗಳವಾದರೂ ನಾನು ಮನಸ್ಸಿನಲ್ಲೇ ‘ಕಿಟಕಿ ಎಂದರೆ...’ ಎಂದು ಆರಂಭಿಸುತ್ತಿದ್ದೆ. ಹೆಂಡತಿ ಇದಕ್ಕೆ ಔಷಧಿ ಉಂಟೇ ಎಂದು ಡಾಕ್ಟರನ್ನು ಕೇಳಿದ್ದೂ ಉಂಟು.

ನಿವೃತ್ತನಾಗಿ ಮನೆಯಲ್ಲಿ ಕೂತದ್ದು ಎರಡು ಸಾವಿರದ ನಾಲ್ಕರಲ್ಲಿ. ಅದೇ ವರ್ಷ ದೊಡ್ಡಣ್ಣ, ನಾನು, ತಮ್ಮ ಗಣಪತಿ ಮೂವರೂ ಪಾಲಾದೆವು. ಹಿತ್ತಲ ಇಶಾಡು ಜಾತಿಯ ಮಾವಿನ ಮರವೊಂದು ಮಾತ್ರ ಪಾಲಾಗದೆ ಉಳಿಯಿತು. ಕೊಯ್ದ ಹಣ್ಣು ಮೂರು ಪಾಲು, ಬಿದ್ದ ಹಣ್ಣು ಹೆಕ್ಕಿದವರಿಗೆ. ಇದನ್ನು ಯಾರೂ ಬರೆದಿರಲಿಲ್ಲ, ಯಾರೂ ಮುರಿದಿರಲಿಲ್ಲ. ಹೆಕ್ಕುತ್ತಿದ್ದವಳು ನಮ್ಮ ದೇವಕಿ ಅಕ್ಕ. ಗಂಡ ತೀರಿದ ಮೇಲೆ ಹತ್ತಿರದ ಬೊಬ್ರುವಾಡದಲ್ಲಿ ಒಬ್ಬಳೇ ಇದ್ದಳು. ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಬಂದು, ಬಿದ್ದ ಹಣ್ಣಿನ ರಸ ಹಿಂಡಿ, ಒಣಗಿಸಿ, ಮಾವಿನ ಹಪ್ಪಳ ಮಾಡಿ ಪೇಟೆಯಲ್ಲಿ ಮಾರುತ್ತಿದ್ದಳು. ಅವಳ ಮಳೆಗಾಲ ಕಳೆಯುತ್ತಿದ್ದದ್ದೇ ಅದರಿಂದ. ಆ ಮರ ಸಸಿಯಾಗಿದ್ದಾಗ ಬಾವಿಯಿಂದ ನೀರು ಹೊತ್ತು ಹಾಕಿದವಳೂ ಅವಳೇ.

ತಮ್ಮನ ಹೆಂಡತಿಯ ತವರಿನವರು ಹಣ್ಣು ಒಯ್ಯುತ್ತಾರೆಂದು ಅತ್ತಿಗೆಗೆ ಗುಮಾನಿ ಬಂತು. ಮಾತಿಗೆ ಮಾತು ಬೆಳೆಯಿತು. ನಾನು ಪೆನ್ನು ತೆಗೆದೆ. ಒಟ್ಟು ಹನ್ನೊಂದು ಕಲಮು. ‘ಹಕ್ಕುದಾರ ಎಂದರೆ ಪಾಲುಪತ್ರಕ್ಕೆ ಸಹಿ ಮಾಡಿದವನು.’ ಏಳನೇ ಕಲಮು, ಹಕ್ಕುದಾರನ ಮನೆಯವರಲ್ಲದ ಯಾರಿಗೂ ಹಣ್ಣು, ಬಿದ್ದದ್ದಾದರೂ ಸರಿ, ಸಲ್ಲತಕ್ಕದ್ದಲ್ಲ. ಒಂಬತ್ತು, ಮುರಿದವನ ಹೆಸರನ್ನು ಬರೆದು ಮರಕ್ಕೆ ಕಟ್ಟತಕ್ಕದ್ದು. ಹನ್ನೊಂದು, ಮೂವರೂ ಸಹಿ ಮಾಡದೆ ಒಂದಕ್ಷರವನ್ನೂ ತಿದ್ದತಕ್ಕದ್ದಲ್ಲ. ಇದರ ಮೇಲೆ ನನಗೆ ವಿಶೇಷ ಮೋಹ. ನಾಳೆ ಯಾರೋ ಬಂದು ನನ್ನ ಕರಡು ಕೆಡಿಸಬಾರದಲ್ಲ! ಜಗಲಿಯಲ್ಲಿ ಗಟ್ಟಿಯಾಗಿ ಓದಿದೆ. ಅಣ್ಣತಮ್ಮಂದಿರು ಆಕಳಿಸಿ ಸಹಿ ಹಾಕಿದರು.

ಮರುದಿನ ಅಕ್ಕ ಬಂದಳು. ಗಣಪತಿಯ ಹೆಂಡತಿ ಅವಳನ್ನು ಹಿತ್ತಲಲ್ಲೇ ತಡೆದು, “ಬೇಜಾರ ಮಾಡ್ಕಬೇಡಿ ಅಕ್ಕಾ, ಭಾವನೋರೇ ಬರ್ದದ್ದು” ಎಂದಳು. ಅಕ್ಕ ನೇರ ನನ್ನ ಹತ್ತಿರ ಬಂದು ಬುಟ್ಟಿ ಕೆಳಗಿಟ್ಟಳು.

“ಓದು ತಮಾ, ನನ್ಹತ್ರ ಕನ್ನಡಕ ಇಲ್ಲ.”

ಓದಿದೆ. ಏಳಕ್ಕೆ ಬರುವಾಗ ದನಿ ಇಳಿಯಿತು.

“ನಾ ಬರೂದು ಯಾವ ಕಲಮಲ್ಲಿ?”

ಎಲ್ಲೂ ಇರಲಿಲ್ಲ. ‘ಪರಂತು, ಇದು ದೇವಕಿ ಅಕ್ಕನಿಗೆ ಅನ್ವಯಿಸತಕ್ಕದ್ದಲ್ಲ’ ಎಂದು ಒಂದು ಸಾಲು ಸಾಕಿತ್ತು. ಕಚೇರಿಯಲ್ಲಿ ಸಾಹೇಬರ ಭಾವಮೈದುನನಿಗೂ ನುಸುಳಲು ಸಂದಿ ಬಿಟ್ಟು ಬರೆದ ಕೈ ಇದು. ಸ್ವಂತ ಅಕ್ಕನ ನೆನಪೇ ಅದಕ್ಕೆ ಆಗಲಿಲ್ಲ. ಥೂ ನನ್ನ ಜನ್ಮಕ್ಕೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು.

ಅಂದೇ ತಿದ್ದುಪಡಿ ಬರೆದೆ. ದೊಡ್ಡಣ್ಣ ಸಹಿ ಹಾಕಿದ. ಗಣಪತಿ ಕಾಗದ ಮುಟ್ಟಲಿಲ್ಲ. “ಇವತ್ತು ಅಕ್ಕ, ನಾಳೆ ಅತ್ತಿಗೆ ತವರಿನವ್ರು. ಆಗೂದಿಲ್ಲ. ಹನ್ನೊಂದನೇ ಕಲಮು ನೀನೇ ಬರ್ದದ್ದಲ್ವನಾ ಅಣ್ಣಾ?” ಎಂದ. ಬಿದ್ದ ಹಣ್ಣು ಬಿದ್ದಲ್ಲೇ ಕೊಳೆಯಿತು. ಮೂರು ಮನೆಯವರೂ ಕಾವಲು ಕಾದರೇ ಹೊರತು ಒಬ್ಬರೂ ಬಗ್ಗಿ ಹೆಕ್ಕಲಿಲ್ಲ.

ಕೊನೆಗೆ ನಾನೇ ಒಂದು ಚೀಲ ತುಂಬಿ, ಮೇಲೆ ಪೇಪರು ಮುಚ್ಚಿ, ಬೊಬ್ರುವಾಡಕ್ಕೆ ಹೋದೆ. ಅಕ್ಕ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟಳು. ಬಂದ ನೆಂಟರಿಗೆ ಇಡುತ್ತಾರಲ್ಲ, ಹಾಗೆ. ಅಲ್ಲಿಯವರೆಗೆ ಅವಳ ಮನೆಯಲ್ಲಿ ನಾನೇ ಒಳಗೆ ಹೋಗಿ ಕೊಡದಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದವನು. ಚೀಲ ನೋಡಿ, “ವಾಪಸ್ ತಕಂಡೋಗು ತಮಾ. ಹೊರಗಿನವ್ರಿಗೆ ಕೊಟ್ರೆ ನಿನ್ನ ಕಾಯ್ದೆ ಮುರೀತದೆ” ಎಂದಳು.

ಚೀಲ ಹೊತ್ತು ಮನೆಗೆ ಬಂದು, ಹಣ್ಣು ಹೊರಗೆ ಒಯ್ದ ತಪ್ಪಿಗೆ ಒಂಬತ್ತನೇ ಕಲಮಿನಂತೆ ನನ್ನ ಹೆಸರನ್ನು ದಪ್ಪಗೆ ಬರೆದು ಮರಕ್ಕೆ ಕಟ್ಟಿದೆ. ಗಣಪತಿ ಬಂದು, ಕನ್ನಡಕ ಸರಿಮಾಡಿಕೊಂಡು ಓದಿ, ಕೆಳಗೆ ತಾರೀಕು ಹಾಕಿಲ್ಲ ಎಂದ.

ಹಾಕಿದೆ.