'ಕೈಗೆಟುಕುವ ದೊಡ್ಡ ಕ್ಯಾಮೆರಾ' ಸೂಚಿಸಿದ ಅಂಕಲ್ ಅವರಿಗೆ

ಮಾನ್ಯರೇ,

ಕೊಡಗಿನ ಚೆಟ್ಟಳ್ಳಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಪುಟ್ಟ ಸ್ಟುಡಿಯೋವೊಂದರ ಒಡತಿಯಾದ ಯಮುನ ಎಂಬ ನಾನು, ತಮ್ಮ ಪಾದಾರವಿಂದಗಳಿಗೆ ನಡು ಬಗ್ಗಿಸಿ ವಂದಿಸುತ್ತಿದ್ದೇನೆ. ನಡು ಬಗ್ಗಿರುವುದು ಭಕ್ತಿಯಿಂದ ಮಾತ್ರವಲ್ಲ, ತಾವು ಸೂಚಿಸಿದ ಕ್ಯಾಮೆರಾವನ್ನು ಎತ್ತಿದ್ದರಿಂದಲೂ ಹೌದು ಎಂಬುದನ್ನು ಆರಂಭದಲ್ಲೇ ವಿನಯಪೂರ್ವಕ ಅರಿಕೆ ಮಾಡಿಕೊಳ್ಳುತ್ತೇನೆ. ತಮ್ಮ ನಿಜನಾಮಧೇಯ ನನಗೆ ತಿಳಿಯದು. ಫಿಲ್ಮ್ ಕ್ಯಾಮೆರಾ ಪ್ರಿಯರ ಅಂತರಜಾಲ ಗುಂಪಿನಲ್ಲಿ ತಾವು 'ಬಿಗ್ ನೆಗೆಟಿವ್ ಅಂಕಲ್' ಎಂಬ ಬಿರುದಿನಿಂದ ವಿರಾಜಮಾನರಾಗಿರುವ ಕಾರಣ, ವಯಸ್ಸಿನಲ್ಲಿ ತಾವು ನನಗಿಂತ ಚಿಕ್ಕವರಾಗಿದ್ದರೂ ಅಂಕಲ್ ಎಂದೇ ಕರೆಯುವ ಸಲಿಗೆಯನ್ನು ಮನ್ನಿಸಬೇಕು.

ಕಳೆದ ಮಳೆಗಾಲದಲ್ಲಿ ನಾನು ಆ ಗುಂಪಿನಲ್ಲಿ ಒಂದು ಬಡ ಪ್ರಶ್ನೆ ಕೇಳಿದ್ದೆ. 'ಗಲ್ಲ ಮೇಲೆ ಮಾಡಿ, ಕಿವಿ ಕಾಣಲಿ, ನಗಬೇಡಿ' ಎಂದು ಊರಿನವರೆಲ್ಲರ ನಗುವನ್ನು ನಿಲ್ಲಿಸುತ್ತಲೇ ಹೊಟ್ಟೆ ಹೊರೆದುಕೊಂಡವಳಿಗೆ, ಒಮ್ಮೆಯಾದರೂ ಮನುಷ್ಯರನ್ನು ಸಮಾಧಾನದಿಂದ ಕೂರಿಸಿ, ಅವರ ಮುಖವನ್ನು ಅಂಗೈಯಗಲದ ಒಂದು ಫಿಲ್ಮ್ ಹಾಳೆಯ ಮೇಲೆ ಇಳಿಸಬೇಕೆಂಬ ಆಸೆ ಹುಟ್ಟಿತ್ತು. ರೋಲ್ ಇಲ್ಲದ, ಒಂದೊಂದು ಚಿತ್ರಕ್ಕೂ ಒಂದೊಂದು ಹಾಳೆ ಹಾಕುವ, ಹಾರ್ಮೋನಿಯಮ್ಮಿನಂತೆ ತಿದಿ ಇರುವ ಆ ದೊಡ್ಡ ಕ್ಯಾಮೆರಾಗಳಲ್ಲಿ, ಮೊದಲ ಸಲ ಕೊಳ್ಳುವವರ ಕೈಗೆಟುಕುವಂಥದ್ದು ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ. ತಾವು ಅಮೃತವಾಣಿಯಂತಹ ಉತ್ತರ ಕೊಟ್ಟಿರಿ. ಮರದ ಮಡಚುವ ಕ್ಯಾಮೆರಾ ಚೆಂದವೇ, ಆದರೆ ಅದರ ಬೆಲೆ ಕೇಳಿ ಕೈಮುಗಿದು ಮುಂದೆ ಹೋಗಬೇಕು. ಹಳೆಯ ಕಾಲದ ಪತ್ರಿಕಾ ಛಾಯಾಗ್ರಾಹಕರ ಕ್ಯಾಮೆರಾ ಹಗುರವೇ, ಆದರೆ ನಮ್ಮ ದೇಶದಲ್ಲಿ ಸುಸ್ಥಿತಿಯಲ್ಲಿ ಸಿಗುವುದು ಅಪರೂಪ. ಆದ್ದರಿಂದ ಉದ್ದನೆಯ ಲೋಹದ ಕಂಬಿಯ ಮೇಲೆ ಮುಂದಕ್ಕೂ ಹಿಂದಕ್ಕೂ ಸರಿಯುವ ಸ್ಟುಡಿಯೋ ಕ್ಯಾಮೆರಾವನ್ನೇ ಹಳೆಯದು ನೋಡಿ ಕೊಳ್ಳಿ, 'ಭಾರ ಸ್ವಲ್ಪ ಇದೆ, ಉಳಿದಂತೆ ಆರಂಭಿಕರಿಗೆ ವರದಾನ' ಎಂದಿರಿ.

ಆ 'ಸ್ವಲ್ಪ' ಎಂಬ ಪದದ ಬಗ್ಗೆ ನನ್ನ ಮೊದಲ ದೂರು. ಪಾರ್ಸೆಲ್ ಬಂದ ದಿನ ಅದನ್ನು ಇಳಿಸಿಕೊಳ್ಳಲು ನಮ್ಮ ಯಜಮಾನರಾದ ದೇರಪ್ಪನವರು ಜೀಪ್ ತಂದರು. ಹಿಂದಿನ ಸೀಟು ಮಡಚಿ, ಪೆಟ್ಟಿಗೆ ಏರಿಸಿ, ಬೆವರು ಒರೆಸಿಕೊಂಡು, "ಎಂತ ಮಾರಾಯ್ತಿ, ಕ್ಯಾಮೆರಾ ಹೇಳಿದ್ದಾ, ರೈಲು ಹೇಳಿದ್ದಾ? ಕೊಡಗಿಗೆ ರೈಲು ಬರ್ಲಿಲ್ಲ ಅಂತ ನೀನೇ ತರ್ಸಿದ್ದಾ?" ಎಂದು ಕೇಳಿದರು. ನಾನು ತಮ್ಮ ಗೌರವ ಕಾಪಾಡಲೆಂದು, ಇದು ಆರಂಭಿಕರ ಕ್ಯಾಮೆರಾ ಎಂದೆ. "ಆರಂಭವೇ ಹೀಗಾದ್ರೆ!" ಎಂದು ಅವರು ಗಾಡಿ ಬಿಟ್ಟರು.

ತಾವು ಹೇಳದೆ ಬಿಟ್ಟ ಸಂಗತಿಗಳನ್ನು ನಾನೇ ಅನುಭವದಿಂದ ಕಲಿಯಲೆಂಬ ತಮ್ಮ ಗುರುಸಹಜ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಕೊಂಡ ಕ್ಯಾಮೆರಾಕ್ಕೆ ಲೆನ್ಸ್ ಇರುವುದಿಲ್ಲವೆಂಬುದು ಪೆಟ್ಟಿಗೆ ಬಿಚ್ಚಿದಾಗ ತಿಳಿಯಿತು. ಬೇರೆ ಕಡೆಯಿಂದ ತರಿಸಿದ ಲೆನ್ಸಿಗೆ ನಮ್ಮ ಜುಲೈ ತಿಂಗಳು ಒಂದು ಸುಂದರವಾದ ಬೂಷ್ಟನ್ನು ಹಿಡಿಸಿತು, ಅದನ್ನು ಉಜ್ಜಿ ತೆಗೆಯುವ ಕಲೆಯೂ ಕರಗತವಾಯಿತು. ತಿದಿಯೊಳಗೆ ಟಾರ್ಚ್ ಹಾಕಿ ನೋಡಿದರೆ ನಕ್ಷತ್ರಗಳೇ ಕಂಡವು. ಅಷ್ಟು ತೂತುಗಳಿಗೂ ಕಪ್ಪು ಬಣ್ಣ ಬಳಿದು ಆಕಾಶವನ್ನು ಮುಚ್ಚಿದೆ. ನಾನು ಮದುವೆಗಳ ಫೋಟೋ ತೆಗೆಯುವ ಸ್ಟ್ಯಾಂಡಿನ ಮೇಲೆ ಈ ಯಂತ್ರವನ್ನು ಕೂರಿಸಿದಾಗ ಅದು ದೊಡ್ಡವರ ಕಾಲು ಹಿಡಿಯುವ ಸೊಸೆಯಂತೆ ಬಾಗಿದ್ದರಿಂದ, ನಿವೃತ್ತ ಸರ್ವೇಯರ್ ಒಬ್ಬರ ಅಟ್ಟದಿಂದ ಜಮೀನು ಅಳೆಯುವ ಮುಕ್ಕಾಲಿಯನ್ನು ಎರವಲು ತಂದೆವು. ಫಿಲ್ಮಿನ ಪೊಟ್ಟಣವೋ ಬಂಗಾರದ ಅಂಗಡಿಯಲ್ಲಿ ಸಿಗಬೇಕಾದ ವಸ್ತು. ಕತ್ತಲಲ್ಲೇ ಹಾಳೆಗಳನ್ನು ಚೌಕಟ್ಟಿಗೆ ತುಂಬಬೇಕೆಂದು ತಾವು ಹೇಳಿದಂತೆ, ಬಚ್ಚಲುಮನೆಯ ಕಿಂಡಿಗಳಿಗೆಲ್ಲ ಬಟ್ಟೆ ತುರುಕಿ ಕೂತಿದ್ದಾಗ, ದೇರಪ್ಪನವರು ಧಡಾರನೆ ಬಾಗಿಲು ತೆರೆದು "ಬಕೆಟ್ ಎಲ್ಲುಂಟು?" ಎಂದು ಕೇಳಿದರು. ಆ ಪ್ರಶ್ನೆಯ ಬೆಳಕಿನಲ್ಲಿ ಪೊಟ್ಟಣದ ಫಿಲ್ಮೆಲ್ಲ ಮೋಕ್ಷ ಹೊಂದಿ, ಅದಾಗಲೇ ಚೌಕಟ್ಟಿನೊಳಗೆ ಸೇರಿದ್ದ ಎರಡು ಹಾಳೆಗಳು ಮಾತ್ರ ಉಳಿದವು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಾಮಾನ್ಯ ದೂರಾಗುತ್ತಿತ್ತು. ಆದರೆ ಅಷ್ಟರಲ್ಲಿ ಸುದ್ದಿ ಹಬ್ಬಿ, ನಮ್ಮ ಪಕ್ಕದ ತೋಟದ ಬೊಳ್ಳಮ್ಮ ಆಂಟಿ ತಮ್ಮ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಇದರಲ್ಲೇ ಫೋಟೋ ಆಗಬೇಕೆಂದು ಹೇಳಿ ಕಳಿಸಿದರು. ಅದೇ ಸಂಜೆ ಅವರ ತಂಗಿ ಬೋಜಮ್ಮ ಆಂಟಿಯೂ ಹೇಳಿ ಕಳಿಸಿದರು. ಇವರಿಬ್ಬರ ಮನೆಗಳ ನಡುವೆ ಇರುವುದು ಕಾಫಿ ಒಣಗಿಸುವ ಒಂದೇ ಕಣ. ಆದರೂ ವರ್ಷಗಳಿಂದ ಮಾತಿಲ್ಲ. ಒಂದು ಮದುವೆಯಲ್ಲಿ ಅಕ್ಕ ಮಾಡಿದ ಕಡಂಬುಟ್ಟು ಎಂಬ ಅಕ್ಕಿ ಉಂಡೆಯನ್ನು ತಂಗಿ ಕೈಯಲ್ಲಿ ಎತ್ತಿ ಹಿಡಿದು, ಇದು ಊಟಕ್ಕಲ್ಲ, ಹಾಕಿ ಪಂದ್ಯಕ್ಕೆ ಆದೀತು ಎಂದು ನೆಂಟರ ಮುಂದೆ ಅಂದದ್ದೇ ಕಾರಣ. ಅಂದಿನಿಂದ ಒಬ್ಬರ ಸಮಾಚಾರ ಇನ್ನೊಬ್ಬರಿಗೆ ಬೇಕೆಂದರೆ ನಮ್ಮ ಮನೆಯ ಮುಖಾಂತರವೇ ಹೋಗಬೇಕು. ಎರಡು ಹಾಳೆ, ಇಬ್ಬರು ಆಂಟಿಯರು; ತಲಾ ಒಂದರಂತೆ ಮುಗಿಸಿ ನೆಮ್ಮದಿಯಾಗಿರಬಹುದೆಂದು ನಾನು ನಂಬಿದೆ.

ಜನವರಿಯ ಬೆಳಗ್ಗೆ ಬೊಳ್ಳಮ್ಮ ಆಂಟಿಯ ಮನೆ ಜಗಲಿಯ ನೆರಳಿನಲ್ಲಿ ಯಂತ್ರ ಸ್ಥಾಪನೆಯಾಯಿತು. ಅಕ್ಕ ನೆರಿಗೆ ಹಿಂದೆ ಬರುವಂತೆ ರೇಷ್ಮೆ ಸೀರೆ ಉಟ್ಟು, ತಲೆಗೆ ವಸ್ತ್ರ ಕಟ್ಟಿ, ನ್ಯಾಯಾಧೀಶರಂತೆ ಕೂತರು. ತಂಗಿಯೂ ಹಾಗೇ ಉಟ್ಟು ಕಟ್ಟಿ, ತಮ್ಮ ಸರದಿಗಾಗಿ ಕಂಬದಾಚೆ ಬೆನ್ನು ಹಾಕಿ ಕೂತರು. ನಾನು ಕಪ್ಪು ಕಂಬಳಿ ಹೊದ್ದು, ಕ್ಯಾಮೆರಾದ ಹಿಂದಿನ ಗಾಜಿನ ಮೇಲೆ ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತಿದ್ದ ಬೊಳ್ಳಮ್ಮ ಆಂಟಿಯ ಕಣ್ಣನ್ನು ಸ್ಫುಟಗೊಳಿಸಿ, ಚೌಕಟ್ಟನ್ನು ಸಿಕ್ಕಿಸಿ, ಹಾಳೆಯನ್ನು ಬೆಳಕಿನಿಂದ ಕಾಯುವ ಅದರ ಮುಚ್ಚಳ ಎಳೆದೆ. ಎಳೆದ ಮೇಲೆ ನೋಡುತ್ತೇನೆ, ಲೆನ್ಸ್ ತೆರೆದೇ ಇತ್ತು. ಮುಚ್ಚಳ ಎಳೆಯುವ ಮೊದಲು ಲೆನ್ಸ್ ಮುಚ್ಚಬೇಕೆಂದು ತಾವು ದಪ್ಪಕ್ಷರದಲ್ಲಿ ಬರೆದಿದ್ದಿರಿ. ದಪ್ಪಕ್ಷರ ಕಂಬಳಿಯೊಳಗೆ ಕಾಣುವುದಿಲ್ಲ, ಮಾನ್ಯರೇ.

"ಎಂತ ಆಯ್ತು?" ಎಂದರು ದೇರಪ್ಪನವರು. ಒಂದು ಹಾಳೆ ಹೋಯಿತು, ಇನ್ನೊಂದೇ ಉಳಿದಿದೆ ಎಂದೆ. ಬೊಳ್ಳಮ್ಮ ಆಂಟಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದರು. ಬೋಜಮ್ಮ ಆಂಟಿ ಎದ್ದು ನಿಂತು, "ಯಮುನ, ನಂದು ಎರಡನೇದು ಅಂತ ಹೇಳಿದ್ದಲ್ವಾ? ಉಳ್ದದ್ದು ಎರಡನೇದೇ ಅಲ್ವಾ?" ಎಂದು ನನ್ನನ್ನೇ ಕೇಳಿದರು. ಯಾರಿಗೆ ಇಲ್ಲವೆಂದರೂ ಇನ್ನು ಮುಂದೆ ಆ ಮನೆಯ ಮೆಟ್ಟಿಲು ನನಗಿಲ್ಲ. ಆಗ ದೇರಪ್ಪನವರು ಜೀಪಿನ ಕೀ ತಿರುಗಿಸುತ್ತಾ, "ಇಬ್ರೂ ಒಟ್ಟಿಗೆ ಕೂತ್ರೆ ಆಯ್ತು. ಇಲ್ದಿದ್ರೆ ನಾನೇ ಕೂತ್ಕೊಳ್ತೇನೆ, ನನ್ನದೂ ಒಂದು ಒಳ್ಳೆ ಫೋಟೋ ಇಲ್ಲ" ಎಂದು ಶರ್ಟಿನ ಕಾಲರ್ ಸರಿಮಾಡಿಕೊಂಡು ಮುಂದೆ ಬಂದೇಬಿಟ್ಟರು. ಬೋಜಮ್ಮ ಆಂಟಿ ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕೂತ ವೇಗವನ್ನು ಹಿಡಿಯಬಲ್ಲ ಶಟರ್ ಇನ್ನೂ ತಯಾರಾಗಿಲ್ಲ.

ತಮ್ಮ ವರದಾನದ ಇನ್ನೊಂದು ಗುಣ ಆಗ ಪ್ರಕಟವಾಯಿತು. ಎಲ್ಲವನ್ನೂ ಮತ್ತೆ ಮೊದಲಿನಿಂದ ಹೊಂದಿಸಬೇಕು. ನಾನು ಕಂಬಿ ಸರಿಸುತ್ತಾ, ತಿರುಪು ಬಿಗಿಯುತ್ತಾ, ಕಂಬಳಿಯೊಳಗೆ ಬೇಯುತ್ತಿದ್ದರೆ, ಹೊರಗೆ ಇಬ್ಬರು ವೃದ್ಧೆಯರು ಭುಜಕ್ಕೆ ಭುಜ ತಾಗಿಸಿಕೊಂಡು, ಬೇರೆ ಕೆಲಸವಿಲ್ಲದೆ, ಎದ್ದು ಹೋಗಲೂ ಆಗದೆ ಕೂತಿದ್ದರು. ಕಡೆಗೆ, "ಇನ್ನು ಅಲ್ಲಾಡಬೇಡಿ, ಉಸಿರು ಹಿಡೀರಿ" ಎಂದು ಶಟರ್ ಒತ್ತಿದೆ. ನೆರಳಾದ್ದರಿಂದ ಅದು ಎರಡು ಸೆಕೆಂಡು ತೆರೆದಿರಬೇಕಿತ್ತು. ಅಷ್ಟರಲ್ಲಿ ತಂಗಿಯ ತಲೆವಸ್ತ್ರ ಸ್ವಲ್ಪ ಜಾರಿದ್ದನ್ನು ಕಂಡ ಬೊಳ್ಳಮ್ಮ ಆಂಟಿ, ತಿರುಗಿ, ಕೈ ಎತ್ತಿ, ಅದನ್ನು ಸರಿಮಾಡಿಬಿಟ್ಟರು. ಶಟರ್ ಮುಚ್ಚಿತು.

ತೊಳೆದು ನೋಡಿದರೆ ತಮ್ಮ ನಿಯಮಗಳ ಪ್ರಕಾರ ಸಂಪೂರ್ಣ ಅನುತ್ತೀರ್ಣವಾದ ಚಿತ್ರ. ಬೋಜಮ್ಮ ಆಂಟಿಯ ಒಂದೊಂದು ರೆಪ್ಪೆಗೂದಲನ್ನೂ ಎಣಿಸಬಹುದು. ಹುಟ್ಟುಹಬ್ಬದವರು ಮಾತ್ರ ಬರಿಯ ಮಂಜು. ಮುಖವಿಲ್ಲ, ತಂಗಿಯ ಕಡೆಗೆ ವಾಲಿದ ಒಂದು ಬಿಳಿಯ ಚಲನೆ, ಅದರ ತುದಿಗೆ ಕೈಯೆಂದು ಊಹಿಸಬಹುದಾದ ಒಂದು ಹೊಗೆ. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿ, ತಂಗಿಯನ್ನೂ ಕರೆಸಿ, ಅಕ್ಕನ ಜಗಲಿಯಲ್ಲಿ ಪ್ರಿಂಟನ್ನು ಇಬ್ಬರ ಮುಂದಿಟ್ಟೆ. ಬೊಳ್ಳಮ್ಮ ಆಂಟಿ ಕನ್ನಡಕ ಏರಿಸಿ ತುಂಬ ಹೊತ್ತು ಹುಡುಕಿ, "ಇದ್ರಲ್ಲಿ ನಾನೆಲ್ಲಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೋಜಮ್ಮ ಆಂಟಿ ಅಕ್ಕನಿಗೇ ನೇರವಾಗಿ, ಕೊಡವ ತಕ್ಕಿನಲ್ಲಿ, ಅಂದ ಮಾತಿನ ಕನ್ನಡ ಹೀಗೆ: "ಇದೇ ನೀನು. ಎಂಬತ್ತು ವರ್ಷದಲ್ಲಿ ಒಂದು ದಿನ ನನ್ನ ತಲೆ ನನ್ನ ಪಾಡಿಗೆ ಬಿಟ್ಟದ್ದುಂಟಾ?" ಅಕ್ಕ ಉತ್ತರಿಸಿದರು. ತಂಗಿ ಮರು ಉತ್ತರಿಸಿದರು. ಜಗಳ ಎಷ್ಟು ಚೆನ್ನಾಗಿ ನಡೆಯಿತೆಂದರೆ ನನಗೆ ಕಾಫಿ ಕೊಡುವುದನ್ನೂ ಮರೆತರು. ಚಿತ್ರ ಈಗ ಅಕ್ಕನ ಗೋಡೆಯ ಮೇಲಿದೆ. ಅದಕ್ಕೆ ಬೂಷ್ಟು ಹಿಡಿದಿದೆಯೇ ಎಂದು ಪರೀಕ್ಷಿಸಲು ತಂಗಿ ದಿನಾ ಮಧ್ಯಾಹ್ನ ಕಣ ದಾಟಿ ಬರುತ್ತಾರೆ, ಸಂಜೆಯವರೆಗೂ ಪರೀಕ್ಷಿಸುತ್ತಾರೆ.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟೇ. 'ಸ್ವಲ್ಪ' ಎಂಬ ಪದವನ್ನು ತಾವು ಇನ್ನು ಮುಂದೆ ಸಾರ್ವಜನಿಕವಾಗಿ ಬಳಸಕೂಡದು. ಜುಲೈ ತಿಂಗಳಲ್ಲಿ ಚೆಟ್ಟಳ್ಳಿಗೆ ಒಂದರ್ಧ ಗಂಟೆ ಬಿಸಿಲನ್ನು ಮರುಟಪಾಲಿನಲ್ಲಿ ಕಳಿಸಿಕೊಡಬೇಕು. ಮುಖ್ಯವಾಗಿ, ಈಗ ಊರಿನವರು ಸ್ಟುಡಿಯೋಗೆ ಬಂದು "ನಮ್ಗೂ ಅಂಥದ್ದೇ ಅಲ್ಲಾಡಿದ ಫೋಟೋ ಬೇಕು" ಎನ್ನುತ್ತಿರುವುದರಿಂದ, ಆ ತಪ್ಪನ್ನು ಮತ್ತೊಮ್ಮೆ ಸರಿಯಾಗಿ ಮಾಡುವ ವಿಧಾನವನ್ನು, ದಪ್ಪಕ್ಷರವಿಲ್ಲದೆ, ತಿಳಿಸಿಕೊಡಬೇಕು.

ಬೆನ್ನು ನೆಟ್ಟಗಾದ ಮೇಲೆ ಇನ್ನೂ ಚೆನ್ನಾಗಿ ನಮಸ್ಕರಿಸುವ,
ತಮ್ಮ ವಿಶ್ವಾಸಿ,
ಯಮುನ ದೇರಪ್ಪ

ಮರೆತ ಮಾತು: ತಾವು ತೆಗೆದ ದೊಡ್ಡ ನೆಗೆಟಿವ್ ಚಿತ್ರ ಒಂದನ್ನಾದರೂ ಕಣ್ತುಂಬಿಕೊಳ್ಳೋಣವೆಂದು ತಮ್ಮ ಪುಟವನ್ನು ಕೊನೆಯವರೆಗೂ ಜಾಲಾಡಿದೆ. ಸಿಕ್ಕಿದ್ದು ಒಂದೇ ಫೋಟೋ, ತಮ್ಮದೇ. ಅದೂ ಬಚ್ಚಲುಮನೆಯ ಕನ್ನಡಿಯ ಮುಂದೆ ಫೋನಿನಲ್ಲಿ ತೆಗೆದದ್ದು. ಹೊಂದಿಕೆ ಚೆನ್ನಾಗಿದೆ, ಅಂಕಲ್. ಬಕೆಟ್ ಕೂಡ ಸ್ಫುಟವಾಗಿ ಬಂದಿದೆ.